ಗಡಿಗೆಯೊಳಗಿನ ಡೋಲಕ್

ಹೊಸ ಗಡಿಗೆಗೆ ನೀರು ತುಂಬಿದಾಗ ಏಳುವ ಹಸಿಮಣ್ಣಿನ ವಾಸನೆ, ಬೀದರದ ಈ ಅಡುಗೆಮನೆಯಲ್ಲಿ ಇವತ್ತಿಗೂ, ನನಗೆ ಡೋಲಕ್ಕಿನ ಸದ್ದಾಗಿಯೇ ಕೇಳಿಸುತ್ತದೆ.

ನನ್ನ ಚಿಕ್ಕಂದಿನಲ್ಲಿ, ಎಕಂಬಾ ಊರಿನ ನಮ್ಮ ಮನೆಗೆ ಕಾಕಾ ಔರಾದದಿಂದ ಬಸ್ಸಿನಲ್ಲಿ ಒಂದು ಸ್ಪೀಕರ್ ತಂದಿದ್ದ. ಡಬ್ಬಿಯಿಲ್ಲದ ಬರೀ ಸ್ಪೀಕರ್. ಟೇಪಿಗೆ ಜೋಡಿಸಿದರೆ ಕೀರಲು ದನಿಯಲ್ಲಿ ಹಾಡಿತು. ಕಾಕಾ ಅತ್ತಿತ್ತ ನೋಡಿದವನೇ, ನನ್ನ ಅಜ್ಜಿ, ನಮ್ಮೆಲ್ಲರ ಆಯಿ, ಬೇಸಿಗೆಗೆಂದು ತಂದು ನೆನೆಸಿ ಬರಿದು ಮಾಡಿಟ್ಟಿದ್ದ ಹೊಸ ಗಡಿಗೆಯ ಬಾಯಿಗೆ ಅದನ್ನು ಬೋರಲು ಹಾಕಿದ. ದಢ್ ದಢ್! ಗೂಡಿನಲ್ಲಿದ್ದ ಚಹಾದ ಕಪ್ಪುಗಳು ಕುಣಿದವು. ನಾನೂ ಕುಣಿದೆ.

"ನನ್ನ ನೀರಿನ ಗಡಗಿ ಒಡದ ಹಾಕ್ತಿ ಏನೋ!" ಎನ್ನುತ್ತ ಆಯಿ ಅಂಗಳದಿಂದ ಬಂದಳು. ಅವಳಿಗೆ ಕಿವಿ ಮಂದವಾಗಿತ್ತು. ಚರ್ಚಿನಲ್ಲಿ ಒಮ್ಮೆ ಎಲ್ಲರಿಗಿಂತ ಮೊದಲೇ ಸಾಲು ಎತ್ತಿ, ಮಂದಿ ತಿರುಗಿ ನೋಡಿದ ದಿನದಿಂದ ಹಾಡುವುದನ್ನೇ ಬಿಟ್ಟಿದ್ದಳು.

ಕಸಿದುಕೊಳ್ಳಲೆಂದು ಗಡಿಗೆಯನ್ನು ಎರಡೂ ಕೈಯಿಂದ ಹಿಡಿದವಳು ಹಾಗೇ ನಿಂತುಬಿಟ್ಟಳು.

"ಏನಾತ್ ಆಯಿ?" ಎಂದು ಅವಳ ಸೆರಗು ಜಗ್ಗಿದೆ.

"ತಡಿ, ಡೋಲಕ್ ಬಡಿಲಾಕತ್ತದ. ಕೈಯಾಗ ಬಡಿಲಾಕತ್ತದ!"

ಕಾಕಾ ಓಡಿಹೋಗಿ ಚರ್ಚಿನ ಹಾಡುಗಳ ಕ್ಯಾಸೆಟ್ ತಂದು ಹಾಕಿದ. ಆಯಿ ನೆಲಕ್ಕೆ ಕೂತಳು. ಗಡಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಅದರ ಹೊಟ್ಟೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕಾದಳು. ಆಮೇಲೆ ಸಾಲು ಎತ್ತಿದಳು. ಒಂದು ತಾಳವೂ ತಪ್ಪಲಿಲ್ಲ.

ಆ ಬೇಸಿಗೆ ಪೂರ್ತಿ ಮನೆಮಂದಿಯೆಲ್ಲ ಸ್ಟೀಲ್ ಕೊಡದ ಬೆಚ್ಚನೆಯ ನೀರನ್ನೇ ಕುಡಿದೆವು.