ತುಂಬೆಗೆ ಎರೆದ ನೀರು

ತುಂಬೆ ಹೂವಿಗೆ ಅಂಟಿಕೊಂಡೇ ಸತ್ತಿದ್ದ ಜೇನುಹುಳವನ್ನು ಚೆಲುವಮ್ಮ ಅಂಗೈಗೆ ಉದುರಿಸಿಕೊಂಡಳು. ಬದುವಿನುದ್ದಕ್ಕೂ ಅಂಥವೇ ಬಿದ್ದಿದ್ದವು. ಕುಂಬಳದ ಹೂವೆಲ್ಲ ಕಾಯಿ ಕಚ್ಚದೆ ಉದುರುತ್ತಿದ್ದಾಗ, ಜೇನು ಬರಲೆಂದು ಅವಳೇ ಬೀಜ ಚೆಲ್ಲಿ ಸಾಕಿದ ತುಂಬೆ ಅದು.

“ನಿಮ್ಮ ತಮ್ಮಂದೇ ಕೆಲ್ಸ ಕಣ್ರೀ. ಪಕ್ಕದ ಹೊಲದಲ್ಲಿ ಹೊಗೆಸೊಪ್ಪಿಗೆ ಹೊಡ್ದ ಔಷ್ದಿ ಗಾಳಿಲಿ ಇಲ್ಗೂ ಬಂದದೆ. ಅವನ ಕೈ ಸೇದೋಗ!” ಎಂದು ಗಂಡನ ಮುಂದೆ ಗೋಳಾಡಿದಳು.

“ಅವ್ನಿನ್ನೂ ಔಷ್ದಿನೇ ಹೊಡ್ದಿಲ್ಲ ಕಣೆ,” ಎಂದ ಶಿವಣ್ಣ. “ನೆನ್ನೆ ನಾನು ಔಷ್ದಿ ಕ್ಯಾನು ತೊಳ್ದು ಬಕೀಟಲ್ಲಿ ಇಟ್ಟಿದ್ನಲ್ಲ, ಆ ನೀರು ಎಲ್ಗೆ ಹುಯ್ದೆ?”

ನಿನ್ನೆ ಚೆಲುವಮ್ಮ ಬಾಡಿದ ತುಂಬೆ ಕಂಡು ಕರುಳು ಚುರುಕ್ಕೆಂದು, ತೊಳೆದ ನೀರು ಏನು ಮಾಡೀತು ಎಂದು ಗಿಡಗಿಡಕ್ಕೂ ಹೂವಿನ ಮೇಲಿಂದಲೇ ಎರೆದಿದ್ದಳು. ಅಷ್ಟರಲ್ಲಿ ಇನ್ನೊಂದು ಜೇನು ಗುಂಯ್‌ಗುಟ್ಟುತ್ತ ಹೂವಿನತ್ತ ಬಂತು. ಅದು ಕೂರುವ ಮುಂಚೆಯೇ ಅವಳು ಎರಡೂ ಕೈಯಲ್ಲಿ ತುಂಬೆಯನ್ನು ಬೇರುಸಮೇತ ಕೀಳತೊಡಗಿದಳು.