ಮೊದಲ ಸ್ಪರ್ಶ

ಮನೆಯ ಗುಂಪಿಗೆ ಸೇರಿದವರನ್ನು ಏನು ಮುಟ್ಟಿದರೂ ಆ ಸ್ಪರ್ಶ ಅವರಿಗಲ್ಲ, ಗುಂಪಿನ ಹಿರಿಯರಿಗೇ ತಲುಪುತ್ತಿತ್ತು. ರೇಣವ್ವನ ಕೈ ಸುಟ್ಟರೆ ಉರಿ ಅತ್ತೆ ಗಿರಿಜವ್ವನಿಗೆ. ಅದಕ್ಕೇ ಹೆರಿಗೆ ವಾರ್ಡಿನಲ್ಲಿ ಸೊಸೆಯ ಪಕ್ಕದ ಮಂಚದ ಮೇಲೆ ಅತ್ತೆಯೂ ಮಲಗಿದ್ದಳು.

"ಸಿಸ್ಟರ್, ನನ್ನನ್ನ ಈ ಗುಂಪಿನಿಂದ ಬಿಡಿಸ್ರಿ," ಎಂದಳು ರೇಣವ್ವ.

"ಮೂರು ಹೆತ್ತಾಕಿ ನಾನು. ಬ್ಯಾನಿ ನನಗ ಬರ್ಲಿ ಬಿಡು," ಎಂದಳು ಅತ್ತೆ.

"ಬ್ಯಾನಿ ನಿಮಗ ಬಂದ್ರ, ಕೂಸು ಮೊದಲ ಸಲ ಮುಟ್ಟೂದೂ ನಿಮಗ ಬರತೈತ್ರಿ, ಅತ್ತಿ. ಅದು ನನಗ ಬೇಕು."

ನರ್ಸ್ ತಂದ, ಸೊಸೆಯನ್ನು ಗುಂಪಿನಿಂದ ಬಿಡುವ ಪತ್ರಕ್ಕೆ ಗಿರಿಜವ್ವ ಹೆಬ್ಬೆಟ್ಟು ಒತ್ತಿದಳು.

ಐದು ತಾಸು ರೇಣವ್ವ ನೋವು ತಿಂದಳು. ಆಮೇಲೆ ನರ್ಸ್ ಕೂಸನ್ನು ಅವಳ ಎದೆಯ ಮೇಲೆ ಮಲಗಿಸಿದಳು.

"ಹ್ಯಾಂಗ ಐತಿ?" ಗಿರಿಜವ್ವ ಕೇಳಿದಳು.

"ಭಾಳ ಬೆಚ್ಚಗ ಐತ್ರಿ," ಎಂದು ರೇಣವ್ವ ಅತ್ತೆಯ ಕೈ ಹಿಡಿದು ಕೂಸಿನ ಬೆನ್ನ ಮೇಲಿಟ್ಟಳು.