ಆರು ಗಂಟೆಯ ವಿಪಿಎನ್

"ಹಲೋ ಮೇಡಂ, ಕುರುಗೋಡಿನಿಂದ ಸಮ್ರಾಟ್ ಮಾತಾಡಾಕತ್ತೀನ್ರಿ. ಸಿಲಿಂಡರ್ ಇನ್ನಾ ಬಂದಿಲ್ರಿ. ಅವ್ವ ಕಟ್ಟಿಗಿ ಒಲಿ ಊದಿ ಊದಿ ನನಗ ಬೈಯಾಕತ್ತಾಳ..."

ತೀರಿಕೊಂಡ ಮಗನ ದನಿ ಕೇಳುತ್ತಲೇ ಮಾರೆಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು. ಮಗಳು ಹೇಮಾ ಬಳ್ಳಾರಿಯ ಗ್ಯಾಸ್ ಏಜೆನ್ಸಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ಹೋದ ವರ್ಷದ ಕರೆಗಳ ರೆಕಾರ್ಡಿಂಗ್ ತೆಗೆದಾಗ ಅವಳಿಗೆ ಇವತ್ತು ಅಣ್ಣನ ದನಿ ಸಿಕ್ಕಿತ್ತು.

"ಲೇ ಸುಳ್ಳಾ, ನಾ ಯಾವಾಗ ಬೈದ್ನೋ!" ಮಾರೆಮ್ಮ ಅಳುತ್ತಲೇ ನಕ್ಕಳು.

ಅಷ್ಟರಲ್ಲಿ ಆರು ಗಂಟೆಯಾಯಿತು. ಕೆಲಸದ ಹೊತ್ತು ಮುಗಿದ ಕೂಡಲೇ ಮನೆಯಿಂದ ಆಫೀಸಿನ ಕಂಪ್ಯೂಟರಿಗೆ ಜೋಡಿಸುವ ವಿಪಿಎನ್ ಸಂಪರ್ಕ ತಾನಾಗಿ ಕಡಿದುಹೋಗುತ್ತದೆ. ಸಮ್ರಾಟನ ಮಾತು ಅರ್ಧಕ್ಕೇ ನಿಂತಿತು.

ಮಾರೆಮ್ಮ ಹೆಡ್‌ಫೋನ್ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಕಾದು, ಮಗಳ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಹೇಮಾ, ನಾ ನಡುವ ಬಾಯಿ ಹಾಕಿದ್ದಕ್ಕ ಅಂವ ಫೋನ್ ಇಟ್ಟುಬಿಟ್ನೇನ?"